ಹಸಿದ ಅಂಗಿಗೆ ಐದು ಕಾಳು

ಮೂರನೆಯ ಮಹಡಿಯ ಇಂಡಿಯಾದ ಹೆಂಗಸು ಅಡುಗೆಮನೆಯಲ್ಲಿ ಮೋಟಾರ್ ಸೈಕಲ್ ಸಾಕಿದ್ದಾಳೆ ಎಂದು ಆ ಕಟ್ಟಡದವರು ಆಡಿಕೊಳ್ಳುತ್ತಿದ್ದರು. ಮೊದಲು ಹೇಳಿದವಳು ಎರಡನೆಯ ಮಹಡಿಯ ಫ್ರಾವ್ ಲೆಡರರ್, ಅಂದರೆ ಶ್ರೀಮತಿ ಲೆಡರರ್. ನೆಲಮಹಡಿಯಲ್ಲಿದ್ದ ಪಿಂಚಣಿಯ ಮುದುಕ ಅದಕ್ಕೆ ಸೈಲೆನ್ಸರ್ ಕೂಡ ಇಲ್ಲ ಎಂದು ಸೇರಿಸಿದ. ಜರ್ಮನಿಯ ಆ ನ್ಯೂರೆಂಬರ್ಗ್ ಊರಿನ ಕನ್ನಡದ ಮನೆಗಳಲ್ಲಿ ಮಾತು ಬೇರೆಯೇ ಇತ್ತು. "ಗಂಡ ಜರ್ಮನಿ ಗ್ರೀನ್ ಕಾರ್ಡ್ ಮ್ಯಾಲೆ ಬಂದು ಕಂಪ್ಯೂಟರ್ ಕುಟ್ತಾನ, ಹೆಂಡತಿ ಊರಿಂದ ಹೊಲಿಗಿ ಮಷೀನ್ ಹೊತ್ಕೊಂಡು ಬಂದಾಳ. ಇಬ್ರೊಳಗ ಜಾಣರು ಯಾರು ಅಂತ ದೇವರಿಗೇ ಗೊತ್ತು" ಎಂದು ಶ್ರೀದೇವಿ ಯುಗಾದಿ ಊಟದ ದಿನ ಹೋಳಿಗೆ ಬಡಿಸುತ್ತ ಅಂದರೆ, ತಟ್ಟೆ ಹಿಡಿದವರೆಲ್ಲ ನಕ್ಕರು. ಮಾತಿಗೆ ಗುರಿಯಾದ ಕಾಂತಾಮಣಿಯೂ ನಕ್ಕಳು. ಮಾತು ಸುಳ್ಳಾಗಿರಲಿಲ್ಲ.

ಗುಳೇದಗುಡ್ಡದಲ್ಲಿ ಅವಳಿಗೆ ಬೋರ್ಡು ತೂಗುಹಾಕಿದ ಅಂಗಡಿ ಇತ್ತು. 'ಕಾಂತಾ ಲೇಡೀಸ್ ಟೇಲರ್ಸ್. ಖಣದ ಕುಪ್ಪಸ ಹೊಲಿದು ಕೊಡಲಾಗುವುದು.' ಬಾಗಲಕೋಟೆಯ ಶೈಲೇಶನನ್ನು ಮದುವೆಯಾಗಿ ಜರ್ಮನಿಗೆ ಹೊರಟಾಗ ಬೋರ್ಡು ಇಳಿಯಿತು, ಮಷೀನು ಮಾತ್ರ ಅವಳ ಕೈಯಿಂದ ಇಳಿಯಲಿಲ್ಲ. ಕೈಯಿಂದ ಗಾಲಿ ತಿರುಗಿಸುವ, ಅಜ್ಜಿ ಸಿದ್ದಕ್ಕನ ಕಾಲದ ಕರಿ ಮಷೀನು ಅದು. ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾದಾಗ ಶೈಲೇಶ ಬೆವರು ಒರೆಸಿಕೊಂಡು ಹೆಂಡತಿಯ ಮುಖ ನೋಡಿದ.

"ಏನಾರ ಒಂದು ತಗೀಬೇಕು ಕಾಂತಾ."

"ಉಪ್ಪಿನಕಾಯಿ ತಗೀರಿ."

"ನಮ್ಮವ್ವನ ಉಪ್ಪಿನಕಾಯಿ ಅದು."

"ನಮ್ಮ ಅಜ್ಜಿ ಮಷೀನ್ ಇದು."

ಹೀಗೆ ಎರಡು ಭರಣಿ ಮಾವಿನ ಉಪ್ಪಿನಕಾಯಿ ಬೆಂಗಳೂರಿನಲ್ಲೇ ಉಳಿದವು. ಶೈಲೇಶ ಅದನ್ನು ಮುಂದೆ ಎಷ್ಟೋ ಸಲ, ಸಪ್ಪೆ ಆಲೂಗಡ್ಡೆ ತಿನ್ನುವಾಗಲೆಲ್ಲ, ನೆನೆಸಿಕೊಂಡ.

ಬಂದ ಮೇಲೆ ಗೊತ್ತಾದದ್ದು ಇಷ್ಟು: ಮಷೀನು ಬರಬಹುದು, ಅವಳು ಕೆಲಸ ಮಾಡುವ ಹಾಗಿಲ್ಲ. ಅವಳ ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ಚೀಟಿಯ ಮೇಲೆ ದುಡಿಯಲು ಅನುಮತಿ ಇಲ್ಲ ಎಂದು ಬರೆದಿತ್ತು. ಒಂದು ವರ್ಷ ಕಾಯಬೇಕು, ಆಮೇಲೆ ಅರ್ಜಿ ಹಾಕಬಹುದು, ಅದಕ್ಕೂ ಮೊದಲು ಕೆಲಸ ಕೊಡುವವರು ಸಿಗಬೇಕು. ಎಲ್ಲ ಕಾಗದದಲ್ಲೂ ಅವಳು ಶೈಲೇಶನ ಡಿಪೆಂಡೆಂಟ್. ಆ ಮಾತಿನ ಅರ್ಥ ಕೇಳಿ ತಿಳಿದ ದಿನ ಅವಳು ಹಳೆಯ ಬಟ್ಟೆಯ ಗಂಟು ಬಿಚ್ಚಿದಳು. ಮರುದಿನ ಕೌದಿ ಹೊಲಿಯಲು ಕೂತಳು. ಹಳೆಯ ಸೀರೆ, ಗಂಡನ ಕಂಪನಿಯವರು ಪುಕ್ಕಟೆ ಕೊಟ್ಟ ಟೀ ಶರ್ಟು, ಎಲ್ಲ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ಅಂಚನ್ನು ಮಷೀನಿನಲ್ಲಿ ಕೂಡಿಸಿ, ಮೈತುಂಬ ಕೈಹೊಲಿಗೆ ಹಾಕುವುದು.

ಆ ಮಷೀನಿನ ಗರ್ರ್ ಸದ್ದಿಗೇ ಫ್ರಾವ್ ಲೆಡರರ್ ಒಂದು ಮಧ್ಯಾಹ್ನ ಬಾಗಿಲು ತಟ್ಟಿದಳು. ಒಂದರಿಂದ ಮೂರು ಗಂಟೆಯವರೆಗೆ ರೂಹೆಟ್ಸೈಟ್, ಅಂದರೆ ಯಾರೂ ಸದ್ದು ಮಾಡಬಾರದ ಹೊತ್ತು. ಕೈಯಲ್ಲಿ ಕಟ್ಟಡದ ನಿಯಮಗಳ ಹಾಳೆ, ಅದರಲ್ಲಿ ಕೆಂಪು ಗೆರೆ. ಕಾಂತಾಮಣಿಗೆ ಜರ್ಮನ್ ಅಷ್ಟು ಬಾರದು. ಬಾಗಿಲಿಗೆ ಬಂದವರನ್ನು ಕೂರಿಸಬೇಕೆಂಬುದು ಮಾತ್ರ ಗೊತ್ತು. ಕೂರಿಸಿ ಚಹಾ ಇಟ್ಟಳು.

ಚಹಾ ಕುದಿಯುವಷ್ಟರಲ್ಲಿ ಫ್ರಾವ್ ಲೆಡರರ್ ಕೌದಿಯನ್ನು ಎತ್ತಿ ಮಗುಚಿದ್ದಳು. ಬಟ್ಟೆ ಬಲ್ಲವರು ಮೊದಲು ಹಿಂಬದಿ ನೋಡುತ್ತಾರೆ. ಆಕೆ ನಲವತ್ತು ವರ್ಷದಿಂದ ಎರಡು ಬೀದಿ ಆಚೆ ಬಟ್ಟೆ ಒಗೆಯುವ ಅಂಗಡಿ ನಡೆಸುತ್ತಿದ್ದವಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು, ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು, ಇನ್ನೊಮ್ಮೆ ಜೋರಾಗಿ ಜಗ್ಗಿದಳು. ಚಹಾ ಕುಡಿದು ಎದ್ದು ಹೋದಳು. ನಿಯಮದ ಹಾಳೆ ಮೇಜಿನ ಮೇಲೇ ಉಳಿಯಿತು. ದಪ್ಪ ಕಾಗದ, ಕಾಂತಾಮಣಿ ಅದರಲ್ಲಿ ಕುಪ್ಪಸದ ತೋಳಿನ ಅಳತೆ ಕತ್ತರಿಸಿಟ್ಟುಕೊಂಡಳು.

ಎರಡು ಸಾವಿರದ ಎರಡನೆಯ ಇಸವಿಯ ವಸಂತ ಅದು. ಆ ವರ್ಷವೇ ಊರಿಗೆ ಹೊಸದೊಂದು ತಂಡ ಬಂದಿತ್ತು. ಅಮೆರಿಕನ್ ಫುಟ್‌ಬಾಲ್ ತಂಡ, ಸಂಬಳದ ಆಟಗಾರರು, ಹೆಸರು ನ್ಯೂರೆಂಬರ್ಗ್ ಬೈಸನ್ಸ್. ಟ್ರಾಮಿನ ಮೇಲೆಲ್ಲ ಕಾಡುಕೋಣದ ಚಿತ್ರ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಬೇಕು, ಎದುರಿನವರು ಹಿಡಿದು ಕೆಡವಬೇಕು. ಶೈಲೇಶ ಟೀವಿ ಮುಂದೆ ಕೂತು ಹೆಂಡತಿಗೆ ನಿಯಮ ವಿವರಿಸಲು ಹೋಗಿ ತಾನೇ ಸಿಕ್ಕಿಬಿದ್ದ.

"ನಾಕು ಸಲದಾಗ ಹತ್ತು ಗಜ ಹೋಗ್ಬೇಕು. ಹೋಗ್ಲಿಲ್ಲಂದ್ರ ಚೆಂಡು ಅವರಿಗೆ. ಹೋದ್ರ ಮತ್ತ ನಾಕು ಸಲ."

"ಕಬಡ್ಡಿಗೆ ಹೆಲ್ಮೆಟ್ ಹಾಕ್ಯಾರ, ಅಷ್ಟ ಅಲ್ಲೇನ್ರೀ?" ಎಂದಳು ಕಾಂತಾಮಣಿ.

ಮೊದಲ ಆಟದಲ್ಲಿ ಬೈಸನ್ಸ್ ಮೂವತ್ತನಾಲ್ಕಕ್ಕೆ ಮೂರರಂತೆ ಸೋತರು. ಅಂಗಿಗಳು ಹನ್ನೊಂದು ಹರಿದವು. ಆ ಅಂಗಿ ಒಗೆಯುವ ಕೆಲಸ ಬಂದದ್ದು ಫ್ರಾವ್ ಲೆಡರರ್ ಅಂಗಡಿಗೆ. ಹೊಲಿಸಿ ಕಳಿಸಿದರೆ ಎರಡನೆಯ ಆಟದಲ್ಲಿ ಹೊಲಿದ ಕಡೆಯೇ ಮತ್ತೆ ಹರಿಯಿತು. ಮೂರನೆಯ ವಾರ ಆಕೆ ಒಂದು ಅಂಗಿಯನ್ನು ಮಡಚಿ ಹಿಡಿದು ಮೂರನೆಯ ಮಹಡಿ ಹತ್ತಿದಳು. ಕಾಂತಾಮಣಿ ಬಿಡಿಸಿ ನೋಡಿದಳು.

"ಇದು ಅಂಗಿ ಏನ್ರೀ, ಮದುವಿ ಚಪ್ಪರ?"

ಅದು ಬ್ರೂನ್ಸ್‌ನ ಅಂಗಿ. ಫ್ಯೂರ್ತ್ ಊರಿನ ಕಸಾಯಿಯ ಮಗ, ತಂಡದ ಮುಂಸಾಲಿನಲ್ಲಿ ಗೋಡೆಯಂತೆ ನಿಲ್ಲುವವನು. ಎದುರಾಳಿಗಳು ಅವನ ಭುಜದ ಬಟ್ಟೆಗೇ ಜೋತುಬೀಳುತ್ತಿದ್ದರು. ಕಾಂತಾಮಣಿ ಹರಿದದ್ದಕ್ಕೆ ತೇಪೆ ಇಟ್ಟು, ಅಂಚು ಮಷೀನಿನಲ್ಲಿ ಕೂಡಿಸಿ, ತೇಪೆಯ ಮೈತುಂಬ ಕೌದಿಯ ಕೈಹೊಲಿಗೆ ಹಾಕಿದಳು. ಸಾಲಿಗೆ ಸಾಲು, ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆ. ಜಗ್ಗಿದರೆ ಭಾರ ಒಂದೇ ಕಡೆ ಬೀಳುವುದಿಲ್ಲ, ಎಲ್ಲ ಸಾಲೂ ಹಂಚಿಕೊಳ್ಳುತ್ತವೆ. ಆ ಶನಿವಾರ ಇಬ್ಬರು ಬ್ರೂನ್ಸ್‌ನಿಗೆ ಜೋತುಬಿದ್ದರು. ತೇಪೆ ಹರಿಯಲಿಲ್ಲ. ಬೈಸನ್ಸ್ ಸೋತರು, ಅದು ಬೇರೆ ಮಾತು.

ಸೋಮವಾರವೇ ವೆಂಡೆಲ್ ಬಂದ. ತಂಡದ ಅಂಗಿ, ಹೆಲ್ಮೆಟ್ಟು, ಬೂಟು ನೋಡಿಕೊಳ್ಳುವ ಅಮೆರಿಕದವನು. ಕೆಲಸ ಕೊಡುತ್ತೇನೆಂದ. ಅವನ ಪತ್ರ ಹಿಡಿದು ಶೈಲೇಶ ಹೆಂಡತಿಯನ್ನು ಅರ್ಬೈಟ್ಸಾಮ್ಟ್ ಎಂಬ ಕೆಲಸದ ಕಚೇರಿಗೆ ಕರೆದೊಯ್ದ. ಕಾಯಬೇಕಾದ ವರ್ಷ ಆಗಲೇ ತುಂಬಿತ್ತು, ಜೂನ್ ಕೊನೆಯವರೆಗೆ ಅನುಮತಿ ಸಿಕ್ಕಿತು. ಈ ತಂಡದಲ್ಲಿ ಮಾತ್ರ, ಈ ಕೆಲಸಕ್ಕೆ ಮಾತ್ರ. ಕೆಲಸ ಹೋದರೆ ಅನುಮತಿಯೂ ಹೋಯಿತು. ಆ ಕಾಗದದಲ್ಲಿ ಅವಳ ಹೆಸರಿತ್ತು, ಮುಂದೆ 'ಹೊಲಿಗೆಯವಳು' ಎಂದಿತ್ತು. ಡಿಪೆಂಡೆಂಟ್ ಎಂದು ಎಲ್ಲೂ ಇರಲಿಲ್ಲ. ಅವಳು ಅದನ್ನು ದೇವರ ಫೋಟೋದ ಹಿಂದೆ ಇಟ್ಟಳು.

ಇಷ್ಟು ಚೆನ್ನಾಗಿ ನಡೆಯುವಾಗ ಕೈ ತನ್ನ ಅಭ್ಯಾಸ ಬಿಡಲಿಲ್ಲ, ನೋಡಿ. ಕೌದಿ ಮುಗಿಸುವಾಗ ಕೊನೆಯ ಮೂಲೆ ಮುಚ್ಚುವ ಮೊದಲು ಐದು ಕಾಳು ಒಳಗಿಡಬೇಕೆಂದು ಸಿದ್ದಕ್ಕ ಕಲಿಸಿದ್ದಳು. "ಹರಿದದ್ದು ಹಸಿದಿರ್ತೈತವ್ವಾ. ಖಾಲಿ ಹೊಟ್ಟೀಲೆ ಮುಚ್ಚಬ್ಯಾಡ." ಕಾಂತಾಮಣಿ ಪ್ರತಿ ತೇಪೆಯ ಮೂಲೆಯಲ್ಲೂ ಐದು ಅಕ್ಕಿಕಾಳು ಇಟ್ಟೇ ಮುಚ್ಚಿದ್ದಳು. ಯೋಚಿಸಿ ಇಟ್ಟದ್ದಲ್ಲ, ಉಸಿರಾಡಿದ ಹಾಗೆ. ಆದರೆ ಊರಿನ ಕೌದಿ ವರ್ಷಕ್ಕೊಮ್ಮೆ ಹೊಳೆ ಕಾಣುವುದು. ಬೈಸನ್ಸ್ ಅಂಗಿ ವಾರಕ್ಕೆರಡು ಸಲ ಫ್ರಾವ್ ಲೆಡರರ್‌ಳ ದೊಡ್ಡ ಯಂತ್ರದಲ್ಲಿ ಕುದಿನೀರು ಕಾಣುತ್ತಿತ್ತು.

ಐದನೆಯ ಆಟವಾದ ಮೇಲೆ ಬ್ರೂನ್ಸ್ ಭುಜ ಕೆರೆಯುತ್ತ ವೆಂಡೆಲ್ ಹತ್ತಿರ ಹೋದ. ತೇಪೆಯಲ್ಲಿ ಗಂಟು. ವೆಂಡೆಲ್ ಬ್ಲೇಡಿನಿಂದ ಮೂಲೆ ಬಿಚ್ಚಿದ. ಒಳಗೆ ಅರೆಬೆಂದ ಅನ್ನ.

ಅವಳನ್ನು ಕರೆಸಿದರು. ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಶೈಲೇಶ ಆಫೀಸಿಗೆ ರಜೆ ಹಾಕಿ ಜೊತೆ ಬಂದ. ಮೇಜಿನ ಮೇಲೆ ಬಿಳಿ ಕಾಗದ, ಅದರ ಮೇಲೆ ಆ ಅನ್ನ.

"ಅಂಗಿ ಹಸಿದಿತ್ತು, ಅದಕ್ಕ ಇಟ್ಟೆ ಅಂತ ಹೇಳ್ರಿ."

"ಇದನ್ನ ಇಂಗ್ಲಿಷ್‌ನ್ಯಾಗ ಹ್ಯಾಂಗ ಹೇಳ್ಲಿ ಮಾರಾಯ್ತಿ?"

"ನಾ ಹೇಳಿದ್ಹಂಗ ಹೇಳ್ರಿ. ಸುಳ್ಳು ಸೇರಸಬ್ಯಾಡ್ರಿ."

ಶೈಲೇಶ ಹೇಳಿದ. ವೆಂಡೆಲ್ ಒಂದು ಕಾಳನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದ.

"ನಮ್ಮಜ್ಜಿಯೂ ಹೀಗೇ ತುಂಡುಬಟ್ಟೆಯ ಹೊದಿಕೆ ಹೊಲಿಯುತ್ತಿದ್ದಳು," ಎಂದ. "ಒಳಗೆ ಊಟ ಇಡುತ್ತಿರಲಿಲ್ಲ. ನನಗೆ ತಿಳಿದ ಮಟ್ಟಿಗೆ." ಆಮೇಲೆ ನಿಯಮಕ್ಕೆ ಬಂದ. ಅಂಗಿಯೊಳಗೆ ಏನನ್ನೂ ಇಡುವ ಹಾಗಿಲ್ಲ. ರೆಫರಿ ಮುಟ್ಟಿ ನೋಡಿದರೆ ಆಟಗಾರ ಹೊರಗೆ. ಶನಿವಾರದೊಳಗೆ ಎಲ್ಲ ತೇಪೆ ಬಿಚ್ಚಿ ಕಾಳು ತೆಗೆದು ಮತ್ತೆ ಹೊಲಿಯಬೇಕು. ಆಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ. ಅವತ್ತು ಬುಧವಾರ. ತೇಪೆಗಳು ಮೂವತ್ತೆಂಟು.

ಗುರುವಾರ ಬೆಳಿಗ್ಗೆ ಕಾಂತಾಮಣಿ ಬಿಚ್ಚಲು ಕೂತಳು. ದೇವರ ಫೋಟೋದ ಹಿಂದಿನ ಅನುಮತಿಯ ಕಾಗದ ಬೆನ್ನಿಗೆ ಚುಚ್ಚಿದ ಹಾಗಾಗುತ್ತಿತ್ತು. ಮಧ್ಯಾಹ್ನ ಒಂದಕ್ಕೆ ಮಷೀನು ನಿಲ್ಲಿಸಿದಳು. ಒಂದೂಕಾಲಿಗೆ ಬಾಗಿಲು ಸದ್ದಾಯಿತು. ಕಾಳಿನ ಸುದ್ದಿ ಕೇಳಿ ಬಂದ ಫ್ರಾವ್ ಲೆಡರರ್, ಕನ್ನಡಕ ಏರಿಸಿಕೊಂಡು, ಕೈಯಲ್ಲಿ ಸಣ್ಣ ಕತ್ತರಿ.

"ಯಾಕೆ ನಿಲ್ಲಿಸಿದೆ?"

"ರೂಹೆಟ್ಸೈಟ್" ಎಂದಳು ಕಾಂತಾಮಣಿ.

"ಮೇಲೆ ಸದ್ದಾದರೆ ಕೆಳಗಿನವಳು ತಾನೇ ದೂರು ಕೊಡಬೇಕು? ಕೆಳಗಿನವಳು ಇಲ್ಲೇ ಕೂತಿದ್ದಾಳೆ. ನಡೆಸು."

ಎರಡು ದಿನ ಒಬ್ಬಳು ಬಿಚ್ಚಿದಳು, ಒಬ್ಬಳು ಹೊಲಿದಳು. ಬಿಚ್ಚಿದ ಮೂಲೆಯಿಂದ ಬಿದ್ದ ಕಾಳನ್ನು ಫ್ರಾವ್ ಲೆಡರರ್ ಒಂದು ಬಟ್ಟಲಿಗೆ ಹಾಕುತ್ತ, "ಇದು ಬೆಂದಿದೆ, ಇದು ಇನ್ನೂ ಬೆಂದಿಲ್ಲ" ಎಂದು ವಿಂಗಡಿಸಿದಳು. ನಲವತ್ತು ವರ್ಷದಲ್ಲಿ ತನ್ನ ಯಂತ್ರ ಅಡುಗೆಯನ್ನೂ ಮಾಡುತ್ತದೆಂದು ಯಾರೂ ಹೇಳಿರಲಿಲ್ಲವಂತೆ. ಹಾಗೆಂದು ನಗಲು ಶುರುಮಾಡಿದವಳಿಗೆ ಕತ್ತರಿ ಕೆಳಗಿಡಬೇಕಾಯಿತು. ಶುಕ್ರವಾರ ಸಂಜೆ ಐದಕ್ಕೆ ಮೂವತ್ತೆಂಟನೆಯದು ಮುಗಿಯಿತು. ಕಾಳಿಲ್ಲದೆ ಮೂಲೆ ಮುಚ್ಚುವಾಗಲೆಲ್ಲ ಕಾಂತಾಮಣಿಯ ಕೈ ಒಂದು ಕ್ಷಣ ತಡೆದಿತ್ತು.

ಶನಿವಾರ ಅವಳು ಅಂಗಿಗಳ ಜೊತೆ ಒಂದು ದೊಡ್ಡ ಪಾತ್ರೆಯನ್ನೂ ಕ್ರೀಡಾಂಗಣಕ್ಕೆ ಒಯ್ದಳು. ವೆಂಡೆಲ್ ಮುಚ್ಚಳ ಎತ್ತಿದ. ಹಳದಿ ಚಿತ್ರಾನ್ನ, ಶೇಂಗಾ, ಕರಿಬೇವು.

"ಇದೇನು ಮತ್ತೆ?"

"ಅಂಗಿಗೆ ಇಡಬಾರ್ದು ಅಂದ್ರಿ. ಅಂಗಿ ಒಳಗಿರೋರಿಗೆ ಇಡಬಹುದಲ್ಲ?" ಶೈಲೇಶ ಈ ಸಲ ತಡವರಿಸದೆ ತಿರುಗಿಸಿದ.

"ಇದೂ ಉಬ್ಬುತ್ತದೆಯೇ?" ಎಂದ ವೆಂಡೆಲ್.

"ಹೊಟ್ಟಿಯೊಳಗ ಅಷ್ಟ."

ಎಲ್ಲರೂ ಒಂದೊಂದು ತುತ್ತು ತಿಂದರು. ಬ್ರೂನ್ಸ್ ಮೂರು ತಟ್ಟೆ ತಿಂದು, ಮೆಣಸಿನಕಾಯಿ ಕಚ್ಚಿ, ಕಣ್ಣೀರು ಒರೆಸಿಕೊಂಡೇ ಮೈದಾನಕ್ಕಿಳಿದ. ಆ ದಿನ ಗೆದ್ದರೆಂದು ಹೇಳಿದರೆ ಕಥೆಗೆ ಚೆಂದ, ಆದರೆ ಎರಡು ಅಂಕಗಳಿಂದ ಸೋತರು. ಗೆದ್ದದ್ದು ಅದರ ಮುಂದಿನ ವಾರ. ಮಳೆಯಲ್ಲಿ, ಕೆಸರಿನಲ್ಲಿ, ಮೊದಲ ಗೆಲುವು. ಬ್ರೂನ್ಸ್ ಓಡಿಬಂದು ಬೇಲಿಯಾಚೆ ನಿಂತಿದ್ದ ಫ್ರಾವ್ ಲೆಡರರ್‌ಳನ್ನು ಎತ್ತಿಬಿಟ್ಟ. ಕೆಸರಾದ ಕೋಟನ್ನು ತಾನೇ ಒಗೆದುಕೊಳ್ಳಬೇಕಾಯಿತೆಂದು ಆಕೆ ವಾರವಿಡೀ ಗೊಣಗಿದಳು, ವಾರವಿಡೀ ಅದನ್ನೇ ಎಲ್ಲರಿಗೂ ಹೇಳಿದಳು. ಹತ್ತು ಆಟದಲ್ಲಿ ಬೈಸನ್ಸ್ ಗೆದ್ದದ್ದು ಮೂರು. ಕೊನೆಯ ಆಟದ ದಿನ ಶ್ರೀದೇವಿ ಮೊದಲಾಗಿ ಕನ್ನಡದ ಹನ್ನೆರಡು ಮಂದಿ ಬಂದು, ನಿಯಮ ತಿಳಿಯದೆ, ತೇಪೆ ಕಂಡಾಗಲೆಲ್ಲ ಚಪ್ಪಾಳೆ ತಟ್ಟಿದರು.

ಜೂನ್ ಮುಗಿಯುತ್ತ ಬಂತು. ಅನುಮತಿ ಮುಂದುವರಿಯಬೇಕಾದರೆ ಕಚೇರಿಯವರಿಗೆ ಒಂದು ಪ್ರಶ್ನೆ: ಊರಿನಲ್ಲಿ ಇಷ್ಟು ಹೊಲಿಗೆಯವರಿರುವಾಗ ಈಕೆಯೇ ಯಾಕೆ? ವೆಂಡೆಲ್ ಉತ್ತರ ಬರೆದು ತಂದಿರಲಿಲ್ಲ. ಚೀಲದಿಂದ ಬ್ರೂನ್ಸ್‌ನ ಅಂಗಿ ತೆಗೆದು ಅಧಿಕಾರಿಯ ಮೇಜಿನ ಮೇಲೆ ಹಾಸಿದ. ಏಳು ತೇಪೆ.

"ಹರಿಯಿರಿ."

ಅಧಿಕಾರಿ ನಕ್ಕು ಜಗ್ಗಿದ. ನಗು ನಿಲ್ಲಿಸಿ ಜಗ್ಗಿದ. ಎದ್ದು ನಿಂತು, ಅಂಗಿಯ ಒಂದು ತುದಿಯನ್ನು ಪಕ್ಕದ ಮೇಜಿನವನಿಗೆ ಕೊಟ್ಟು ಜಗ್ಗಿದ. ಕಾಂತಾಮಣಿ ಕುರ್ಚಿಯ ತುದಿಯಲ್ಲಿ ಕೂತು ಹೊಲಿಗೆಯನ್ನೇ ನೋಡುತ್ತಿದ್ದಳು. ಬಟ್ಟೆ ಒಂದು ಕಡೆ ಚರ್ರೆಂದಿತು. ತೇಪೆ ಇದ್ದಲ್ಲಿ ಅಲ್ಲ, ಪಕ್ಕದಲ್ಲಿ. ಅಧಿಕಾರಿ ಕೂತು ಮುದ್ರೆ ಒತ್ತಿದ. ಹರಿದದ್ದನ್ನು ಅವಳು ಅಲ್ಲೇ ಮಡಚಿ ಚೀಲಕ್ಕೆ ಹಾಕಿಕೊಂಡಳು, ಎಂಟನೆಯ ತೇಪೆಗೆ.

ತಂಡದ ಮುಂದಿನ ವರ್ಷದ ಅಂಗಿಗಳ ಕೆಲಸಕ್ಕೆ ಅಡುಗೆಮನೆ ಸಾಲದಾಯಿತು. ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆ ಖಾಲಿ ಇವೆ, ಕೆಳಗೆ ಹಗಲೆಲ್ಲ ಯಂತ್ರ ಗುಡುಗುತ್ತದೆ, ಅಲ್ಲಿ ನಿನ್ನ ಮೋಟಾರ್ ಸೈಕಲ್ ಯಾರಿಗೂ ಕೇಳದು ಎಂದು ಫ್ರಾವ್ ಲೆಡರರ್ ಕರೆದಳು. ಆಗಸ್ಟಿನಲ್ಲಿ ಶೈಲೇಶ ಮಷೀನು, ಕೌದಿ ಬಿಟ್ಟು ಸಾಮಾನೆಲ್ಲ ಮೊದಲೇ ಸಾಗಿಸಿದ. ಕಾಂತಾಮಣಿ ಕೀಲಿ ಒಪ್ಪಿಸಲು ಉಳಿದಳು, ಜೊತೆಗೆ ಫ್ರಾವ್ ಲೆಡರರ್. ಮನೆ ಮಾಲೀಕನ ಕಡೆಯವನು ಪಟ್ಟಿ ಹಿಡಿದು ಕಿಟಕಿ, ನಲ್ಲಿ, ಗೋಡೆ ನೋಡುತ್ತ ಅಡುಗೆಮನೆಗೆ ಬಂದ. ಗುಡಿಸಿದ ನೆಲ ಫಳಫಳ. ಮೂಲೆಯಲ್ಲಿ, ಮನೆ ಮುಚ್ಚುವ ಮೊದಲು ಕಾಂತಾಮಣಿಯ ಕೈ ಇಟ್ಟ ಐದು ಅಕ್ಕಿಕಾಳು.

ಕಾಂತಾಮಣಿಗೆ ಬಿಳಿ ಕಾಗದ, ಅರೆಬೆಂದ ಅನ್ನ ನೆನಪಾದವು. ಬಗ್ಗಿ ಎತ್ತಲು ಹೋದಳು. ಫ್ರಾವ್ ಲೆಡರರ್ ಅವಳ ತೋಳು ಹಿಡಿದಳು.

"ಅದು ಕಸವಲ್ಲ," ಎಂದಳು ಅವನಿಗೆ. "ಬರೆದುಕೊಳ್ಳಿ. ಮನೆ ಊಟ ಮಾಡಿದೆ."

ಅವನು ಪಟ್ಟಿಯಲ್ಲಿ ಮೇಲಿಂದ ಕೆಳಗೆ ಹುಡುಕಿದ. ಅಂಥ ಕಾಲಂ ಇರಲಿಲ್ಲ. ಸಹಿ ಹಾಕಿದ.

ಕಾಂತಾಮಣಿ ಮಷೀನು ಎತ್ತಿಕೊಂಡಳು. ಕೌದಿಯನ್ನು ಹೆಗಲಿಗೆ ಹಾಕಿಕೊಂಡವಳು ಫ್ರಾವ್ ಲೆಡರರ್. ಗಂಟೆ ಒಂದೂವರೆ, ಮೆಟ್ಟಿಲು ಮೆಟ್ಟಿಲಿಗೂ ಮಷೀನಿನ ಗಾಲಿ ಗಡಗಡ ಎಂದಿತು. ನೆಲಮಹಡಿಯ ಮುದುಕ ಬಾಗಿಲು ತೆರೆದು ಇಣುಕಿದ.

"ಏನು, ಮೋಟಾರ್ ಸೈಕಲ್ ಹೊರಟಿತೇ?"

"ಹೊರಟಿತು" ಎಂದಳು ಕಾಂತಾಮಣಿ, ಈಗ ಅಷ್ಟು ಜರ್ಮನ್ ಬರುತ್ತಿತ್ತು. ಮುದುಕ ಬೀದಿಯ ಬಾಗಿಲನ್ನು ಅಗಲಕ್ಕೆ ತೆರೆದು ಹಿಡಿದ. ಅವಳು ಹೊರಗೆ ನಡೆದಳು.