ನಾಲ್ಕು ತೊಲ ಪಾದರಸ

ಹೋದ ತಿಂಗಳು ಜ್ವರ ನೋಡುವ ಗಾಜಿನ ಕಡ್ಡಿ ನನ್ನ ಕೈಜಾರಿ ಬಿತ್ತು. ಸದ್ದೇನೂ ದೊಡ್ಡದಲ್ಲ, ಒಂದು ಶೇಂಗಾ ಒಡೆದಷ್ಟು. ಅದರ ಹೊಟ್ಟೆಯಲ್ಲಿದ್ದ ಪಾದರಸ ಮಾತ್ರ ಫರಸಿಯ ಮೇಲೆ ಹತ್ತಾರು ಗುಂಡುಗಳಾಗಿ ಓಡಿತು. ಕೆಲವು ಗೋಡೆಯ ಬುಡಕ್ಕೆ ಹೋಗಿ ನಿಂತವು, ಕೆಲವು ಮಂಚದ ಕೆಳಗೆ ಸೇರಿದವು. ಮೊಮ್ಮಗಳು ಹಿಡಿಯಲು ಬಗ್ಗಿದಳು. "ಮುಟ್ಟಬ್ಯಾಡ! ಮೊದಲ ಉಂಗುರ ತಗದ ಇಡು" ಎಂದು ನಾನು ಚೀರಿದ್ದು ಕೇಳಿ ಅಡಿಗೆಮನೆಯಿಂದ ಸೊಸೆ ಓಡಿ ಬಂದಳು. ನನ್ನ ಎಡಗೈ ಆಗಲೇ ಕೊರಳಿನ ಸರವನ್ನು ಮುಚ್ಚಿ ಹಿಡಿದಿತ್ತು. ನಾನು ಹಿಡಿದದ್ದಲ್ಲ, ಕೈ ತಾನೇ ಹೋಗಿತ್ತು. ಆಮೇಲೆ ಒಂದು ದಪ್ಪ ಕಾಗದ ತೆಗೆದುಕೊಂಡು ನೆಲದ ಮೇಲೆ ಕುಳಿತು ಆ ಗುಂಡುಗಳನ್ನು ಮೆಲ್ಲಗೆ ಒಂದರ ಬಳಿಗೊಂದನ್ನು ನೂಕಿದೆ. ಎರಡು ಗುಂಡು ತಾಗಿದೊಡನೆ ಒಂದಾಗುತ್ತವೆ. ಹೀಗೆ ಒಂದಾಗುವುದನ್ನು ನಾನು ಮೊದಲು ಕಂಡದ್ದು ಗೋಕಾಕದ ನಮ್ಮ ಮನೆಯ ಪಡಸಾಲೆಯಲ್ಲಿ, ಅಣ್ಣನ ಪಕ್ಕದಲ್ಲಿ ಕುಳಿತು.

ಆ ಮನೆ ಈಗಿಲ್ಲ. ಪೇಟೆಯ ಓಣಿಯಲ್ಲಿ ಅದು ನಿಂತಿದ್ದ ಜಾಗದಲ್ಲಿ ಬೇರೆ ಯಾರದೋ ಕಟ್ಟಡ ಎದ್ದಿದೆ, ನಾನು ನೋಡಲು ಹೋಗಿಲ್ಲ. ನಿಮಗೂ ಇಂಥ ಒಂದು ಜಾಗ ಇದ್ದೇ ಇರುತ್ತದೆ. ಊರಿಗೆ ಹೋದರೂ ಆ ಓಣಿ ಬಿಟ್ಟು ಬಳಸು ದಾರಿ ಹಿಡಿಯುತ್ತೀರಿ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೆಳಕಿಂಡಿಯಿಂದ ಬಿದ್ದ ಬಿಸಿಲು ಮಧ್ಯಾಹ್ನದ ತನಕ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿತ್ತು. ಅಪ್ಪನದು ಬೆಲ್ಲ ಮತ್ತು ಒಣಮೆಣಸಿನಕಾಯಿ ವ್ಯಾಪಾರ. ಹೀಗಾಗಿ ಮನೆಯ ಅರ್ಧ ಸಿಹಿ ವಾಸನೆ, ಅರ್ಧ ಘಾಟು. ಬಂದ ನೆಂಟರು ಹೊಸ್ತಿಲು ದಾಟುವಾಗಲೇ ಸೀನುತ್ತಿದ್ದರು, ನಮಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ ಆಯಿ, ಅವ್ವ, ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಮಲ್ಲೇಶಿ, ಮತ್ತು ನಾನು. ಆಯಿಯ ಮಾತೇ ಮನೆಯ ಕಾಯಿದೆ. ಅವ್ವ ಹೆಚ್ಚು ಮಾತಾಡುತ್ತಿರಲಿಲ್ಲ. ಏನು ಕಂಡು ಸಂತೋಷವಾದರೂ, ಏನು ಕೇಳಿ ಹೆದರಿಕೆಯಾದರೂ ಅವಳು ಕೊರಳಿನ ತಾಳಿಯನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಕರಿಮಣಿಯ ನಡುವೆ ಎರಡು ಬಂಗಾರದ ಗುಂಡುಗಳಿದ್ದ ತಾಳಿ. ಒತ್ತಿ ಒತ್ತಿ ಆ ಗುಂಡುಗಳು ಕನ್ನಡಿಯಷ್ಟು ನುಣುಪಾಗಿದ್ದವು.

ಅಣ್ಣ ಮ್ಯಾಟ್ರಿಕ್ಕಿಗೆ ಎರಡು ಸಲ ಕುಳಿತು ಎರಡು ಸಲವೂ ನಪಾಸಾಗಿದ್ದ. ಬೇರೆ ವಿಷಯಗಳಲ್ಲಿ ಹೇಗೋ ದಾಟುತ್ತಿದ್ದ, ಸಾಯನ್ಸಿನಲ್ಲಿ ಸಿಕ್ಕಿಬೀಳುತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ಬಂದ ನಾನು ಅವನನ್ನು ಮುಟ್ಟಿದ್ದೆ. ಆ ವರ್ಷ ಇಬ್ಬರೂ ಕೂಡಿಯೇ ಪರೀಕ್ಷೆಗೆ ಕೂರಬೇಕಾಗಿತ್ತು. ಓಣಿಯವರು ಬಿಡುತ್ತಾರೆಯೇ? "ಏನ ಮಲ್ಲೇಶಿ, ಈ ಸರತಿ ತಂಗಿ ಕೈ ಹಿಡಕೊಂಡ ದಾಟಾಂವ ಏನು?" ಎಂದು ಕೇಳಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಅಪ್ಪ ಮಾತ್ರ ನಗದೆ ಒಂದೇ ಮಾತು ಹೇಳಿದ್ದರು: "ಪಾಸಾದ್ರ ಬೆಳಗಾವಿ ಕಾಲೇಜು. ಆಗದಿದ್ರ ಮೂಡಲಗಿ ಅಂಗಡಿ. ನಾಕನೇ ಸರತಿ ಇಲ್ಲ." ಮೂಡಲಗಿಯಲ್ಲಿ ನಮ್ಮದೊಂದು ಚಿಕ್ಕ ಅಂಗಡಿಯಿತ್ತು. ಅಣ್ಣನಿಗೆ ಅಂಗಡಿಯ ಗಾದಿಯೆಂದರೆ ಮೈ ಉರಿಯುತ್ತಿತ್ತು. ಅವನಿಗೆ ಯಂತ್ರಗಳ ಹುಚ್ಚು. ಗೋಡೆಯ ಗಡಿಯಾರವನ್ನು ಬಿಚ್ಚಿ ಮತ್ತೆ ಕೂಡಿಸಿದ್ದ, ಒಂದೇ ಒಂದು ಗಾಲಿ ಮಿಕ್ಕಿತ್ತು, ಆದರೂ ಗಡಿಯಾರ ನಡೆಯುತ್ತಿತ್ತು.

ಇಷ್ಟು ಕೈಚಳಕ ಇದ್ದವನು ಸಾಯನ್ಸಿನಲ್ಲಿ ಯಾಕೆ ಬಿದ್ದ ಎಂದು ನೀವು ಕೇಳಬಹುದು. ನಮ್ಮ ಶಾಲೆಯಲ್ಲಿ ಉಪಕರಣಗಳಿದ್ದವು, ಗಾಜಿನ ಕಪಾಟಿನಲ್ಲಿ ಬೀಗದ ಹಿಂದೆ. ಒಡೆದರೆ ಮತ್ತೆ ಸಿಗುವುದಿಲ್ಲವೆಂದು ಯಾರೂ ತೆಗೆಯುತ್ತಿರಲಿಲ್ಲ. ಮಾಸ್ತರರು ಒಳ್ಳೆಯವರು, ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಒಂದು ನಳಿಕೆ ಬರೆದು, "ಈಗ ಇದರಾಗ ಪಾದರಸ ಏರಿತು ಅಂತ ತಿಳಕೊಳ್ರಿ" ಎನ್ನುತ್ತಿದ್ದರು. ನಾವು ತಿಳಿದುಕೊಳ್ಳುತ್ತಿದ್ದೆವು. ನನಗೆ ಅದು ಸುಲಭ, ಇಂಗ್ರೇಜಿ ಪುಸ್ತಕದ ಸಾಲನ್ನು ಹಾಗೆಯೇ ಗಿಳಿಯಂತೆ ಒಪ್ಪಿಸುತ್ತಿದ್ದೆ. ಅಣ್ಣನಿಗೆ ಆಗುತ್ತಿರಲಿಲ್ಲ. "ಕಣ್ಣಿಲೆ ಕಂಡಿದ್ದು ನನಗ ಮರಿಯಾಂಗಿಲ್ಲ ತಂಗಿ. ಕಾಣದ್ದನ್ನ ಹೆಂಗ ಬರೀಲಿ?" ಎನ್ನುತ್ತಿದ್ದ.

ಪರೀಕ್ಷೆಗೆ ಹತ್ತು ಹನ್ನೆರಡು ದಿನವಿರುವಾಗ ಅವನು ಅಂಕಲಗಿಗೆ ಹೋಗಿಬಂದ. ಅಲ್ಲಿ ಔಷಧ ಕೊಡುವ ಒಬ್ಬ ಮುದುಕ ಅಯ್ಯನವರಿದ್ದರು. ನಮ್ಮ ಮನೆಗೂ ಬಂದು ಪಾದಪೂಜೆ ಮಾಡಿಸಿಕೊಂಡು ಹೋಗುತ್ತಿದ್ದವರು. ಅವರ ಕಾಲಿಗೆ ಬಿದ್ದು ಬೇಡಿ ನಾಲ್ಕು ತೊಲ ಪಾದರಸ ತಂದಿದ್ದ, ಒಂದು ಚಿಕ್ಕ ಸೀಸೆಯಲ್ಲಿ. ಸೀಸೆಯನ್ನು ನನ್ನ ಕೈಗೆ ಕೊಟ್ಟಾಗ ಅಷ್ಟು ಚಿಕ್ಕದಕ್ಕೆ ಅಷ್ಟೊಂದು ತೂಕವೇ ಎಂದು ಬೆರಗಾದದ್ದು ನನಗೆ ಇವತ್ತಿಗೂ ನೆನಪಿದೆ. ಕೊಡುವಾಗ ಅಯ್ಯನವರು, "ಇದು ಬರೇ ರಸ ಅಲ್ಲ ತಮ್ಮಾ, ಶಿವನ ಸ್ವರೂಪ. ಮೀಯಲಾರದ ಮುಟ್ಟಬ್ಯಾಡ" ಎಂದಿದ್ದರಂತೆ. ಅದನ್ನು ಅಣ್ಣ ನಗುತ್ತ ಅವ್ವನ ಮುಂದೆ ಹೇಳಿದ. ಹೇಳಬಾರದಾಗಿತ್ತು.

ಮರುದಿನ ಮುಂಜಾನೆ ಬೆಳಕಿಂಡಿಯ ಬಿಸಿಲಿನಲ್ಲಿ ಅವನು ಪಾದರಸವನ್ನು ಪಿಂಗಾಣಿ ಬಟ್ಟಲಿಗೆ ಸುರಿದ. ಹಿತ್ತಾಳೆಯ ಬಟ್ಟಲು ನಡೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಉಂಗುರ ತೆಗೆದಿಟ್ಟ. ಒಂದು ಕಬ್ಬಿಣದ ಮೊಳೆಯನ್ನು ಮೇಲಿಟ್ಟ, ಅದು ತೇಲಿತು. ನಾನು ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ, ಆದರೂ ಬಾಯಿ ತೆರೆದು ನೋಡಿದೆ. ಅಣ್ಣ, "ಅವ್ವಾ, ಬಾ ಇಲ್ಲೆ! ಕಬ್ಬಿಣ ತೇಲಾಕತ್ತೈತಿ!" ಎಂದು ಕೂಗಿದ. ಅವ್ವ ಆಗಷ್ಟೇ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ಮೇಲೆ ಇನ್ನೂ ಹಸಿಯಾಗಿದ್ದ ವಿಭೂತಿಯೊಂದಿಗೆ ಬಂದಳು. "ಕೈಯಾಗಿಂದು ಉಂಗುರ ತಗಿ, ಬಂಗಾರ ಕೆಡತೈತಿ" ಎಂದು ಅಣ್ಣ ಎಚ್ಚರಿಸಿದ. ಅವಳು ಉಂಗುರ ತೆಗೆದು ನನ್ನ ಕೈಗೆ ಕೊಟ್ಟು, ಶಿವನ ಸ್ವರೂಪವಲ್ಲವೇ ಎಂದು ಭಕ್ತಿಯಿಂದ ಎರಡು ಬೆರಳು ಅದ್ದಿದಳು. ಮುಖ ಹುಡುಗಿಯ ಮುಖದಂತಾಯಿತು. ಆಮೇಲೆ ಅದೇ ಬೆರಳುಗಳಿಂದ ತಾಳಿ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಆ ಕ್ಷಣ ನಾನು ನೋಡಿದೆ, ಅಣ್ಣನೂ ನೋಡಿದ. ಅವಳು ದಿನಕ್ಕೆ ಇಪ್ಪತ್ತು ಸಲ ಮಾಡುತ್ತಿದ್ದ ಕೆಲಸ ಅದು, ಹಾಗಾಗಿ ಇಬ್ಬರಿಗೂ ಏನೂ ಹೊಳೆಯಲಿಲ್ಲ.

ಮಧ್ಯಾಹ್ನ ರೊಟ್ಟಿ ಬಡಿಯುವಾಗ ಆಯಿ ಮೊದಲು ಕಂಡಳು. ಅವ್ವನ ಎರಡೂ ಗುಂಡುಗಳು ಬೆಳ್ಳಗಾಗಿದ್ದವು. ಬಂಗಾರದ ಹೆಸರೇ ಇರಲಿಲ್ಲ. ಅಪ್ಪ ಆಗ ಹುಕ್ಕೇರಿ ಸಂತೆಗೆ ಹೋಗಿ ಎರಡು ದಿನವಾಗಿತ್ತು. ತಾಳಿಯ ಬಣ್ಣ ಹೋಯಿತೆಂದರೆ ದಾರಿಯಲ್ಲಿರುವ ಗಂಡನಿಗೆ ಕೇಡು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವ್ವ ಅಳಲಿಲ್ಲ, ರೊಟ್ಟಿ ಹೆಂಚಿನ ಮೇಲೆ ಸೀದು ಕರಕಾಗುವವರೆಗೂ ಹಾಗೆಯೇ ಕುಳಿತಿದ್ದಳು. ಅಣ್ಣ ಓಡಿ ಬಂದು, "ಏನೂ ಆಗಿಲ್ಲ ಅವ್ವಾ, ಪಾದರಸ ಹತ್ತೈತಿ. ಕೆಂಡದ ಮ್ಯಾಲೆ ಕಾಸಿದ್ರ ಹಾರಿ ಹೋಗತೈತಿ, ಬಂಗಾರ ಬಂಗಾರ ಆಗತೈತಿ. ಪುಸ್ತಕದಾಗ ಐತಿ. ಎರಡು ತಾಸಿನ ಮಟ್ಟಿಗೆ ಅರಿಷಿಣ ಕೊಂಬು ಕಟ್ಟಿಕೊಂಡು ತಾಳಿ ನನ್ನ ಕೈಯಾಗ ಕೊಡು" ಎಂದ. ದಾರ ಹರಿದಾಗ ಅರಿಷಿಣದ ಕೊಂಬು ಕಟ್ಟಿಕೊಳ್ಳುವುದು ವಾಡಿಕೆಯೇ. ಆದರೆ ಆಯಿ ಅವನ ಕೈಯನ್ನು ತಳ್ಳಿದಳು. "ತಾಳಿ ಕೆಂಡಕ್ಕ ಹಾಕ್ತಾನಂತ! ಗಂಡ ಜೀವಂತ ಇರೂಮುಂದ ಯಾರರ ತಾಳಿ ಸುಡ್ತಾರೇನೊ ಮಲ್ಲ್ಯಾ? ನಿಮ್ಮಪ್ಪನ್ನ ಸುಡಾಂವ ಅದಿ ಏನು?" ಎಂದಳು. ಆ ಮಾತಿಗೆ ಅಣ್ಣನ ಮುಖ ಬಿಳಚಿಕೊಂಡಿತು.

ಮೂರನೆಯ ದಿನ ಅಪ್ಪ ಹುಕ್ಕೇರಿಯಿಂದ ಗಟ್ಟಿಮುಟ್ಟಾಗಿಯೇ ಬಂದರು. ಆದರೂ ಮನೆಯಲ್ಲಿ ಯಾರಿಗೂ ಹಗುರವಾಗಲಿಲ್ಲ. ಇವತ್ತು ಬಂದರು, ನಾಳೆ? ಅಪ್ಪನೂ ತಾಳಿಯನ್ನು ಸುಡುವ ಮಾತಿಗೆ ಒಪ್ಪಲಿಲ್ಲ. ಬೈಯಲೂ ಇಲ್ಲ. ಪಾದರಸದ ಸೀಸೆಯನ್ನು ಹೊಳೆಗೆ ಒಗೆದು ಬಂದು, "ಪುಸ್ತಕ ಓದ, ಸಾಕು" ಎಂದರು. ಅಂದಿನಿಂದ ಮನೆಗೆ ಜೋಮು ಹಿಡಿದಂತಾಯಿತು. ಎಲ್ಲರೂ ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ಮಾತು ಬೇಕಾದಷ್ಟೇ. ಅವ್ವ ಸೆರಗಿನಿಂದ ಕೊರಳು ಮುಚ್ಚಿಕೊಂಡು ತಿರುಗುತ್ತಿದ್ದಳು. ತಾಳಿಯನ್ನು ಕಣ್ಣಿಗೆ ಒತ್ತಿಕೊಳ್ಳುವುದನ್ನು ಬಿಟ್ಟೇಬಿಟ್ಟಳು. ಕೈ ಅರ್ಧ ಎತ್ತಿ ನಿಲ್ಲಿಸುತ್ತಿದ್ದಳು.

ಬೆಳಗಾವಿಯಲ್ಲಿ ಪರೀಕ್ಷೆ. ಸಾಯನ್ಸಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನನ್ನ ಕಣ್ಣು ನಾಲ್ಕನೆಯ ಪ್ರಶ್ನೆಗೆ ಹೋಗಿ ನಿಂತಿತು. ಪಾದರಸದ ಗುಣಗಳನ್ನು ಬರೆಯಿರಿ, ಬಂಗಾರಕ್ಕೆ ತಾಗಿದರೆ ಏನಾಗುತ್ತದೆ, ಮತ್ತೆ ಬೇರ್ಪಡಿಸುವುದು ಹೇಗೆ. ನಾನು ಬರೆದೆ. ಅಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ. ಮೊಳೆ ತೇಲಿದ್ದು, ಸೀಸೆಯ ತೂಕ, ಬಿಳಿಯ ಬಣ್ಣ ಎಲ್ಲವೂ ಕಣ್ಣೆದುರೇ ಇತ್ತು. ಅಣ್ಣನ ಪ್ರಶ್ನೆ ಬಂತು, ಅಣ್ಣ ದಾಟಿದ ಎಂದು ಒಳಗೊಳಗೇ ಕುಣಿಯುತ್ತ ಹೊರಗೆ ಬಂದೆ. ಅವನು ಬೇವಿನ ಮರದ ಕೆಳಗೆ ಕುಳಿತು ಒಂದು ಕಡ್ಡಿಯಿಂದ ಮಣ್ಣು ಕೆದರುತ್ತಿದ್ದ.

"ನಾಕನೇ ಪ್ರಶ್ನಿ ನೋಡಿದೇನಣ್ಣಾ? ನಿನ್ನಂಗ ಯಾರಿಗೂ ಬರಿಯಾಕ ಬರಾಂಗಿಲ್ಲ!"

"ಬೆಳ್ಳಗ ಆಗತೈತಿ ಅಂತ ಬರದೆ. ಮುಂದ ಕಾಸಬೇಕು ಅಂತ ಬರಿಯಾಕ ಹೋದೆ, ಕೈ ಏಳಲಿಲ್ಲ. ಅಪ್ಪನ ಮಾರಿ ಕಣ್ಣ ಮುಂದ ಬಂತು. ಎಲ್ಲಾ ಹೊಡದ ಹಾಕಿದೆ."

"ಪುಸ್ತಕದಾಗಿನ ಮಾತ ಐತೆಲ್ಲೊ ಅದು!"

"ಪುಸ್ತಕದಾಗ ಐತಿ. ನಾ ನೋಡೇನೇನು?" ಎಂದ. "ಮನ್ಯಾಗ ಹೇಳಬ್ಯಾಡ" ಎಂದಷ್ಟೇ ಗೋಕಾಕದಲ್ಲಿ ಬಸ್ಸಿನಿಂದ ಇಳಿಯುವಾಗ ಹೇಳಿದ.

ಫಲಿತಾಂಶ ಬೆಳಗಾವಿಯ ಬಸ್ಸಿನಲ್ಲಿ ಬಂದ ಪತ್ರಿಕೆಯಲ್ಲಿತ್ತು. ನನ್ನ ನಂಬರು ಇತ್ತು, ಅವನದು ಇರಲಿಲ್ಲ. ಆ ಒಂದು ಪ್ರಶ್ನೆಗೆ ಅಂಕ ಬಂದಿದ್ದರೆ ದಾಟುತ್ತಿದ್ದನೆಂದು ಆಮೇಲೆ ಬಂದ ಗುಣಪಟ್ಟಿಯಿಂದ ತಿಳಿಯಿತು. ನನಗೆ ಏನೂ ಅನ್ನಿಸಲಿಲ್ಲ. ಸಂತೋಷವಿಲ್ಲ, ದುಃಖವೂ ಇಲ್ಲ. ಅಪ್ಪ ಪತ್ರಿಕೆಯನ್ನು ಮಡಿಸಿ ಗೂಡಿನಲ್ಲಿಟ್ಟರು. ಅಣ್ಣ ಪೇಟೆಗೆ ಹೋಗಿ ಕರದಂಟು ತಂದು ಮೊದಲ ತುಂಡನ್ನು ನನ್ನ ಬಾಯಿಗೆ ಹಾಕಿದ. ಒಣಕೊಬ್ಬರಿ, ಅಂಟು, ಬೆಲ್ಲ ಎಲ್ಲ ಹಲ್ಲಿಗೆ ಹತ್ತಿತು, ರುಚಿ ಹತ್ತಲಿಲ್ಲ. ಮರುವಾರ ಅವನು ಮೂಡಲಗಿಯ ಗಾದಿಯ ಮೇಲೆ ಕುಳಿತ. ನನ್ನನ್ನು ಮುಂದೆ ಓದಿಸಲು ಆಯಿ ಬೇಡವೆಂದಾಗ ಜಗಳವಾಡಿ ಧಾರವಾಡಕ್ಕೆ ಕಳಿಸಿದವನೂ ಅವನೇ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿಯಾದೆ. ವರ್ಷವರ್ಷವೂ ಆ ಪಾಠ ಬರುತ್ತಿತ್ತು, ವರ್ಷವರ್ಷವೂ ಮಾಡುತ್ತಿದ್ದೆ.

ಅಪ್ಪ ತೀರಿಕೊಂಡದ್ದು ಹನ್ನೆರಡು ವರ್ಷಗಳ ಮೇಲೆ, ವಯಸ್ಸಾಗಿ, ತಮ್ಮ ಹಾಸಿಗೆಯಲ್ಲಿ. ಆಯಿ ಅದಕ್ಕೂ ಮೊದಲೇ ಹೋಗಿದ್ದಳು. ಮಣ್ಣು ಮಾಡಿ ಬಂದ ಮೇಲೆ ಅವ್ವನ ಕೊರಳಿನಿಂದ ತಾಳಿ ಬಿಚ್ಚಿದರು. ಅಷ್ಟು ವರ್ಷಗಳಲ್ಲಿ ಗುಂಡುಗಳು ಬಿಳಿಯಿಂದ ಬೂದಿ ಬಣ್ಣಕ್ಕೆ ತಿರುಗಿದ್ದವು. ನೆಂಟರೆಲ್ಲ ಹೋದ ಮೇಲೆ ಒಂದು ಮುಂಜಾನೆ ಅವ್ವ ಅವನ್ನು ಅಂಗೈಯಲ್ಲಿಟ್ಟುಕೊಂಡು ಹಿತ್ತಲಿಗೆ ಬಂದಳು. "ಈಗ ಕಾಸಪಾ ಮಲ್ಲೇಶಿ. ಈಗ ಯಾರೂ ಬ್ಯಾಡ ಅನ್ನಾವ್ರಿಲ್ಲ" ಎಂದಳು. ಅಣ್ಣ ಕೆಂಡ ಮಾಡಿ, ಕಬ್ಬಿಣದ ಸವಟಿನಲ್ಲಿ ಗುಂಡುಗಳನ್ನಿಟ್ಟು, ನಮ್ಮಿಬ್ಬರನ್ನೂ ವಿಷದ ಹೊಗೆ ತಾಗದಂತೆ ಗಾಳಿ ಬರುವ ಕಡೆ ದೂರ ನಿಲ್ಲಿಸಿ, ತೋಳು ಉದ್ದ ಚಾಚಿ ಹಿಡಿದ. ಬೂದಿ ಬಣ್ಣ ಅಂಚಿನಿಂದ ಸರಿಯತೊಡಗಿತು. ಒಳಗಿನಿಂದ ಹಳದಿ ಬಂತು. ಆರಿದ ಮೇಲೆ ನಾನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹಳೆಯ ನುಣುಪು ಬರಲಿಲ್ಲ, ಬಂಗಾರ ಮಾತ್ರ ಬಂಗಾರವೇ ಆಗಿತ್ತು.

ಅವ್ವ ಬಹಳ ಹೊತ್ತು ನೋಡಿದಳು. "ಖರೇನ ಹೇಳಿದ್ದಿ" ಎಂದಳು. ಗುಂಡುಗಳನ್ನು ಅಂಗೈಯಲ್ಲಿ ತಿರುಗಿಸುತ್ತ, "ಅವತ್ತ ನಾ ಬಿಚ್ಚಿ ಕೊಟ್ಟಿದ್ರ ನೀ ಪಾಸಾಗ್ತಿದ್ದಿ. ಅಲ್ಲೇನಪಾ?" ಎಂದು ಕೇಳಿದಳು.

ಅಣ್ಣ ಕೆಂಡಕ್ಕೆ ನೀರು ಹಾಕುತ್ತಿದ್ದ. ತಲೆ ಎತ್ತದೆ, "ಇಲ್ಲವ್ವಾ. ಪಾದರಸದ ಪ್ರಶ್ನಿ ಬಂದಿದ್ದ ಇಲ್ಲ ಆ ವರ್ಷ. ನಾನ ದಡ್ಡ ಇದ್ದೆ" ಎಂದ. ಹುಣಸೆಹಣ್ಣಿನ ಕೈಯಲ್ಲಿ ನಾನು ಅಲ್ಲಿಯೇ ನಿಂತಿದ್ದೆ. ಅವನು ನನ್ನತ್ತ ಒಮ್ಮೆ ನೋಡಿದ. ನಾನೂ ಹೌದೆಂದು ತಲೆಯಾಡಿಸಿದೆ. ಅವ್ವ ಉಸಿರು ಬಿಟ್ಟು, ಗುಂಡುಗಳನ್ನು ನನ್ನ ಕೈಗೆ ಹಾಕಿ ಒಳಗೆ ಹೋದಳು.

ಈಗ ಅವ್ವನಿಲ್ಲ. ಅಣ್ಣನೂ ಹೋಗಿ ಬಹಳ ವರ್ಷಗಳಾದವು, ಮೂಡಲಗಿಯ ಅಂಗಡಿ ಯಾರದೋ ಆಗಿದೆ. ಎರಡು ಗುಂಡುಗಳು ನನ್ನ ಸರದಲ್ಲಿವೆ. ಹೋದ ತಿಂಗಳು ನಾನು ಕಾಗದದ ಮೇಲೆ ಪಾದರಸ ಕೂಡಿಸುತ್ತಿದ್ದಾಗ ಮೊಮ್ಮಗಳು ಎದುರು ಕುಳಿತು ಕೇಳಿದಳು, "ಬಂಗಾರಕ್ಕ ಹತ್ತಿದ್ರ ಏನ ಆಕ್ಕೈತಿ ಅಜ್ಜೀ?"

"ಬೆಳ್ಳಗ ಆಗತೈತಿ" ಎಂದೆ.

"ಆಮ್ಯಾಲೆ?"

ಎಷ್ಟೋ ವರ್ಷ ಎಷ್ಟೋ ಹುಡುಗಿಯರಿಗೆ ಹೇಳಿಕೊಟ್ಟ ಸಾಲು ಅದು. ಕಾಸಬೇಕು ಎನ್ನಲು ಬಾಯಿ ಏಳಲಿಲ್ಲ.