ನಾನು ಎಣಿಸದೆ ಬಿಟ್ಟ ಕೈಗಳು

ನಿವೃತ್ತಿಗೆ ಮೂರು ವರ್ಷ ಇರುವಾಗ ನಾನು ಕಾಪು ತಾಲೂಕಿನ ಒಂದು ಗ್ರಾಮ ಪಂಚಾಯತಿಗೆ ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯಾಗಿ ಬಂದೆ. ಊರಿನ ಹೆಸರು ಬೇಡ.

ಆ ವರ್ಷದ ಮೇ ತಿಂಗಳ ಗ್ರಾಮಸಭೆಯ ಹೊತ್ತಿಗೆ ಒಂದೇ ಕಾಮಗಾರಿಗೆ ಅನುದಾನ ಉಳಿದಿತ್ತು. ಹೊಳೆಬದಿಯ ಕೇರಿಯವರು ಹೊಳೆ ದಾಟಲು ಎರಡು ತೆಂಗಿನ ಮರ ಅಡ್ಡ ಹಾಕಿದ ಕಾಲುಸಂಕ ತೆಗೆದು ಕಾಂಕ್ರೀಟಿನದು ಮಾಡಬೇಕೋ, ಸಭಾಭವನದ ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಸಬೇಕೋ ಎಂಬುದು ಪ್ರಶ್ನೆ. ಸಂಕ ದಿನಾ ದಾಟುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಅವರಲ್ಲಿ ಹದಿನೇಳು ಮಂದಿ ಸಭೆಗೆ ಬಂದಿದ್ದರು. ಎದ್ದು ಮಾತಾಡಿದವಳು ನಿಶ್ಮಿತಾ. ಮೀನು ಮಾರುವ ಬೇಬಿಯಕ್ಕನ ಮಗಳು, ದ್ವಿತೀಯ ಪಿಯುಸಿ.

"ಬಲಬದಿಯ ಮರ ಕುಂಬಾಗಿ ಒಳಗೇ ಪುಡಿಯಾಗಿದೆ ಸರ್. ಈ ಮಳೆಗಾಲ ತಡೆಯುವುದಿಲ್ಲ."

ಕೈ ಎತ್ತಲು ಹೇಳಿದಾಗ ಆ ಮಕ್ಕಳೂ ಎತ್ತಿದರು. ಗ್ರಾಮಸಭೆಯಲ್ಲಿ ಮತದಾರರ ಪಟ್ಟಿಯಲ್ಲಿ ಇರುವವರಿಗಷ್ಟೇ ಮತ. "ಹದಿನೆಂಟು ಆಗದವರು ಕೈ ಇಳಿಸಿ" ಎಂದೆ. ಹನ್ನೊಂದು ಮತಗಳ ಅಂತರದಿಂದ ಇಂಟರ್‌ಲಾಕ್ ಗೆದ್ದಿತು. ಗೆಲ್ಲಿಸಿದವರಲ್ಲಿ ಮುಂಬಯಿಯಿಂದ ರಜೆಗೆ ಬಂದವರೂ ಇದ್ದರು. ಪಟ್ಟಿಯಲ್ಲಿ ಅವರ ಹೆಸರು ಹಾಗೆಯೇ ಉಳಿದಿತ್ತು.

"ಅವರು ಮುಂದಿನ ವಾರ ಹೋಗ್ತಾರೆ. ನಾವು ನಾಳೆಯೂ ಆ ಸಂಕದಲ್ಲೇ ಹೋಗ್ಬೇಕು. ಇದು ಎಂತ ಲೆಕ್ಕ ಸರ್?" ಎಂದಳು ನಿಶ್ಮಿತಾ. ಯಾರೋ ನಕ್ಕರು. ನಾನು "ಕೂತ್ಕೊಳ್ಳಮ್ಮ" ಎಂದೆ.

ಸಭೆ ಮುಗಿದ ಮೇಲೆ ಅಧ್ಯಕ್ಷರು ಹತ್ತಿರ ಬಂದರು. "ಓಟಿಲ್ಲದ ಮಕ್ಕಳು ಹೇಳಿದ್ದನ್ನೆಲ್ಲ ನಡಾವಳಿಯಲ್ಲಿ ಬರೆಯುವುದು ಬೇಡ ಮಾರಾಯ್ರೆ." ನಾನು ಬರೆಯಲಿಲ್ಲ.

ಜುಲೈಯಲ್ಲಿ ಅದೇ ಬಲಬದಿಯ ಮರ ಮುರಿಯಿತು. ಕಾಲೇಜಿಗೆ ಹೊರಟಿದ್ದ ನಿಶ್ಮಿತಾ ಹೊಳೆಗೆ ಬಿದ್ದಳು. ಕೇರಿಯವರು ಎಳೆದು ಮೇಲೆ ತಂದರು. ಕಾಲು ಎರಡು ಕಡೆ ಮುರಿದಿತ್ತು. ಉಡುಪಿಯ ಆಸ್ಪತ್ರೆಯಲ್ಲಿ ಬೇಬಿಯಕ್ಕ ನನಗೆ ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ.

ತಾಲೂಕು ಪಂಚಾಯತಿಯಿಂದ ವಿಚಾರಣೆಗೆ ಬಂದ ಅಧಿಕಾರಿ, ಮೊದಲೇ ದೂರು ಬಂದಿತ್ತೇ ಎಂದು ಕೇಳಿದರು. ಅಧ್ಯಕ್ಷರು ನಡಾವಳಿ ಪುಸ್ತಕ ಮುಂದಿಟ್ಟು, "ಯಾರೂ ಹೇಳಿರಲಿಲ್ಲ" ಎಂದರು.

ಆ ಮಾತು ಕೇಳಿ ಮೈ ಉರಿಯಿತು. ಅವರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚು. "ಹೇಳಿದ್ದರು. ನಾನು ಬರೆಯಲಿಲ್ಲ" ಎಂದೆ, ಅಲ್ಲೇ ಲಿಖಿತ ಹೇಳಿಕೆಯನ್ನೂ ಕೊಟ್ಟೆ. ನನಗೆ ನೋಟಿಸು ಬಂತು, ಶಿಕ್ಷೆಯೂ ಆಯಿತು. ಮುಂದಿನ ಮಳೆಗಾಲಕ್ಕೆ ಮೊದಲು ಕಾಂಕ್ರೀಟ್ ಸಂಕ ಎದ್ದಿತು. ನಿಶ್ಮಿತಾಳ ಒಂದು ವರ್ಷದ ಓದು ಮಾತ್ರ ಹಾಳಾಯಿತು.

ಮತದಾನದ ವಯಸ್ಸನ್ನು ಹದಿನಾರಕ್ಕೆ ಇಳಿಸಬೇಕೆಂದರೆ, ಆ ವಯಸ್ಸಿಗೆ ಪಕ್ವತೆ ಸಾಲದು ಎನ್ನುತ್ತಾರೆ. ಆ ದಿನ ಸಭೆಯಲ್ಲಿ ಮರ ಯಾವುದು, ಎಷ್ಟು ದಿನ ತಡೆಯುತ್ತದೆ ಎಂದು ಸರಿಯಾಗಿ ಹೇಳಿದವಳಿಗೆ ಹದಿನೇಳು ವರ್ಷ. ನಕ್ಕವರಿಗೆ ಐವತ್ತು ದಾಟಿತ್ತು. ಪಂಚಾಯತಿ ಮಟ್ಟದಲ್ಲಾದರೂ ಇಳಿಸಲಿ.

ಕಳೆದ ವರ್ಷ ಕಾರ್ಕಳದಲ್ಲಿ ಅವಳು ಸಿಕ್ಕಿದಳು. ಅಲ್ಲೇ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳೆ. ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿದಿದೆ. "ನನಗೆ ಓಟು ಬಂತು ಸರ್. ಆದ್ರೆ ಈಗ ಊರಲ್ಲಿ ಇರುವುದು ತಮ್ಮ. ಅವನಿಗೆ ಹದಿನಾರು" ಎಂದಳು.

ಯಾರ ಮತವನ್ನು ಎಣಿಸಬಾರದು ಎಂದು ಕಾನೂನು ಹೇಳುತ್ತದೆ. ಯಾರ ಮಾತನ್ನು ಕೇಳಬಾರದು ಎಂದು ಅದರಲ್ಲಿ ಎಲ್ಲೂ ಇಲ್ಲ. ಅದನ್ನು ಸೇರಿಸಿಕೊಂಡವರು ನನ್ನಂಥ ಅಧಿಕಾರಿಗಳು.