ಹಸಿದು ಹಾರುವ ಮೀನುಗಳು

ಬೆರಳುದ್ದದ ಬಣ್ಣದ ಮೀನು ಇಲ್ಲಿ ಒಂದು ಲೋಟ ಚಹಾದ ಬೆಲೆಗೆ ಸಿಗುತ್ತದೆ. ವಿಮಾನ ಇಳಿಯುವ ಊರಿನಲ್ಲಿ ಅದಕ್ಕೇ ಒಂದು ಜೊತೆ ಚಪ್ಪಲಿಯ ಬೆಲೆ. ನಡುವೆ ಇರುವುದು ಒಂಬತ್ತು ಸಾವಿರ ಕಿಲೋಮೀಟರ್ ಆಕಾಶ. ಅಷ್ಟನ್ನೂ ಮೀನು ಉಸಿರಿಟ್ಟುಕೊಂಡು ದಾಟಿದರೆ ಮಾತ್ರ ಆ ಬೆಲೆ. ದಾಟಿಸುವವಳಿಗೆ ದಿನಗೂಲಿ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಗಂಟಕ್ಕ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದಾಳೆ. ಪ್ಲಾಸ್ಟಿಕ್ ಚೀಲಕ್ಕೆ ಒಂದು ಪಾಲು ನೀರು, ಮೂರು ಪಾಲು ಆಮ್ಲಜನಕ. ಕತ್ತು ತಿರುಚಿ, ಮಡಚಿ, ರಬ್ಬರ್ ಬ್ಯಾಂಡ್ ಬಿಗಿದರೆ ಚೀಲ ಚೆಂಡಿನಂತೆ ಬಿರುಸಾಗುತ್ತದೆ. ಅವಳು ಕಟ್ಟಿದ ಗಂಟು ಇದುವರೆಗೂ ಬಿಚ್ಚಿಕೊಂಡಿಲ್ಲ. ಹೆಸರು ಬಂದದ್ದು ಹಾಗೆ. ಬೆರಳ ಸಂದಿಗಳು ಮಾತ್ರ ಬಿರಿದುಹೋಗಿವೆ. ಉಪ್ಪು ಬೆರೆಸಿದ ನೀರು ತಗುಲಿದಾಗಲೆಲ್ಲ ಹಲ್ಲು ಕಚ್ಚುತ್ತಾಳೆ.

“ವಿಮಾನ ಹನ್ನೊಂದು ಗಂಟೇಲಿ ಮುಟ್ಟುತ್ತೆ ಅಂತಾರೆ. ಅದು ಸೀಟಲ್ಲಿ ಕೂತೋರ ಲೆಕ್ಕ. ನನ್ನ ಮೀನು ಲಾರಿ ಹತ್ತಬೇಕು, ತಪಾಸಣೆಗೆ ಕಾಯಬೇಕು, ಇಳಿದ ಮೇಲೂ ಅಲ್ಲಿನ ಸಾಹೇಬ್ರು ಟೀ ಕುಡಿದು ಬರೋತನಕ ಬಿದ್ದಿರಬೇಕು. ಎಲ್ಲ ಸೇರಿ ಮೂವತ್ತು ಗಂಟೆ. ಅಷ್ಟೊತ್ತೂ ಅದೇ ಬೊಗಸೆ ನೀರು!”

ಅದಕ್ಕೇ ಪ್ರಯಾಣಕ್ಕೆ ಮುಂಚಿನ ಎರಡು ದಿನ ಮೀನಿಗೆ ಮೇವು ಹಾಕುವುದಿಲ್ಲ. ತಿಂದ ಮೀನು ಚೀಲದ ನೀರನ್ನು ಹೊಲಸು ಮಾಡುತ್ತದೆ. ಆ ನೀರೇ ಅದಕ್ಕೆ ವಿಷವಾಗುತ್ತದೆ.

ಕಳೆದ ವರ್ಷ ಮೀನಿನ ಗಾಜಿನ ತೊಟ್ಟಿಗಳನ್ನು ನೋಡಿಕೊಳ್ಳಲು ಗಂಟಕ್ಕ ತನ್ನ ನಾದಿನಿಯನ್ನೇ ಸೇರಿಸಿದಳು. ಗಂಡ ಕೈಬಿಟ್ಟ ಹೆಂಗಸು, ಮಗಳೊಂದಿಗೆ ಇವರ ಮನೆಯಲ್ಲೇ ಇದ್ದಳು. ಹಸಿದ ಮೀನುಗಳು ಗಾಜಿಗೆ ಬಾಯಿ ಹಚ್ಚಿ ನಿಲ್ಲುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಚೀಲ ಕಟ್ಟುವ ಹಿಂದಿನ ಸಂಜೆ ಯಾರಿಗೂ ಕಾಣದಂತೆ ಮೇವು ಉದುರಿಸಿದಳು. ಆ ಕಡೆ ಚೀಲಗಳ ಪೆಟ್ಟಿಗೆ ತೆರೆದರೆ ನೀರೆಲ್ಲ ಕದಡಿತ್ತು, ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಯಜಮಾನ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿದ. “ಸಂಜೆಯೊಳಗೆ ಯಾರು ಅಂತ ಹೇಳಿ. ಇಲ್ಲಾಂದ್ರೆ ಅಷ್ಟೂ ಜನ ಮನೆಗೆ.”

ನಲ್ಲಿಯ ಹತ್ತಿರ ನಾದಿನಿ ಪಿಸುಗುಟ್ಟಿದಳು: “ಅತ್ತಿಗೆ, ನಾನೇ ಹಾಕಿದ್ದು. ಪಾಪ ಅನ್ನಿಸ್ತು.”

“ಪಾಪ ಅನ್ನೋಕೆ ಅವೇನು ನಿನ್ನ ಬೀಗರಾ? ಹೋಗಿ ನೀನೇ ಹೇಳು.”

“ನೀವು ಹಳಬರು. ನಿಮ್ಮಿಂದ ಕೈತಪ್ಪಾಯ್ತು ಅಂತ ನೀವೇ ಹೇಳಿದ್ರೆ ಬೈದು ಬಿಡ್ತಾರೆ. ನನ್ನ ಬಿಡ್ತಾರಾ?”

ಗಂಟಕ್ಕ ಯಜಮಾನನ ಮುಂದೆ ನಾದಿನಿಯ ಕಡೆ ಕೈ ತೋರಿದಳು. ಉಳಿದವರ ಒಲೆ ಆರದಂತೆ ಮಾಡಿದಳೆಂದು ಶೆಡ್ಡಿನವರು ಈಗಲೂ ಹೊಗಳುತ್ತಾರೆ. ಹೊಗಳಿದಾಗ ಅವಳು ಎದ್ದು ಹೋಗುತ್ತಾಳೆ.

“ತಪ್ಪು ನನ್ನ ಮೇಲೆ ಹಾಕ್ಕೊಂಡಿದ್ರೆ ನನ್ನ ಕೆಲಸ ಹೋಗ್ತಿತ್ತೋ, ಉಳೀತಿತ್ತೋ. ನೋಡೇಬಿಡೋಣ ಅನ್ನೋ ಧೈರ್ಯ ಬರಲಿಲ್ಲ.”

ಕೆಲಸ ಕಳೆದುಕೊಂಡ ನಾದಿನಿ ಅದೇ ವಾರ ಮಗಳ ಕೈ ಹಿಡಿದು ಮನೆ ಬಿಟ್ಟಳು. ಈಗ ಎರಡು ಬೀದಿ ಆಚೆ ಬಾಡಿಗೆ ಕೋಣೆಯಲ್ಲಿದ್ದಾಳೆ, ಯಾರದೋ ಮನೆಯ ಪಾತ್ರೆ ತಿಕ್ಕುತ್ತಾಳೆ. ಅಂಗಡಿ ಮುಂದೆ ಗಂಟಕ್ಕ ಎದುರಾದರೂ ಮುಖ ತಿರುಗಿಸಿ ನಡೆಯುತ್ತಾಳೆ. ಅವಳ ಅಣ್ಣ, ಗಂಟಕ್ಕನ ಗಂಡ, ಎರಡು ಸಲ ಹೋಗಿ ಕರೆದ, ಅವಳು ಬಾಗಿಲು ತೆಗೆಯಲಿಲ್ಲ.

ಅಂದಿನಿಂದ ಆ ವಿಮಾನದಲ್ಲಿ ಒಂದು ಪೆಟ್ಟಿಗೆ ಮೀನೂ ಸತ್ತಿಲ್ಲ. ಗಂಟಕ್ಕನ ಕೆಲಸ ಉಳಿದಿದೆ. ಅವಳನ್ನು ಅತ್ತಿಗೆ ಎಂದು ಕರೆಯುವವರು ಯಾರೂ ಉಳಿದಿಲ್ಲ.